ಚನ್ನಪಟ್ಟಣದ ಗೊಂಬೆ, ಎರಡು ಕನ್ನಡಿ, ಒಂದು ಮೊಬೈಲ್ ಟಾರ್ಚ್

ಇವತ್ತಿನ ಸಂಚಿಕೆ ಮನೇಲಿ ಪುಟ್ಟ ತಮ್ಮ, ತಂಗಿ, ಅಕ್ಕನ ಮಕ್ಕಳು ಇರೋರಿಗೆ. ನಾನು ಓದಿದ್ದು ಬಿಕಾಂ, ಹಾಗಾಗಿ ಸೂತ್ರಗಳ ಭಯ ಬೇಡ.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡೋರ ಮನೇಲಿ ಚನ್ನಪಟ್ಟಣದ ಗೊಂಬೆ ಒಂದಾದ್ರೂ ಇರುತ್ತೆ. ಅದನ್ನು ಕಿಟಕಿ ಹತ್ತಿರ ಹಿಡಿದು ನೋಡಿ. ಗೊಂಬೆಯ ಹೊಟ್ಟೆ ಮೇಲೆ ಕಿಟಕಿ ಪುಟ್ಟದಾಗಿ ಹೊಳೆಯುತ್ತೆ. ಪಕ್ಕದಲ್ಲಿ ಬಣ್ಣ ಹಚ್ಚದ ಮರದ ತುಂಡು ಇಡಿ, ಅದರಲ್ಲಿ ಏನೂ ಕಾಣಲ್ಲ. ಬೆಳಕು ಎರಡರಿಂದಲೂ ವಾಪಸ್ ಬರುತ್ತೆ. ಆದರೆ ಮರದ ಮೈ ಒರಟು, ಬಿದ್ದ ಬೆಳಕು ದಿಕ್ಕಾಪಾಲಾಗುತ್ತೆ. ಗೊಂಬೆಯದ್ದು ನುಣುಪು ಮೈ. ಕುಶಲಕರ್ಮಿಗಳು ಆಲೆ ಮರದ ತುಂಡನ್ನು ಲೇತ್ ಮೇಲೆ ತಿರುಗಿಸ್ತಾ, ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಅರಗು ಮೆತ್ತಗಾಗಿ ಅಂಟುತ್ತೆ, ಆಮೇಲೆ ಗರಿಯಿಂದ ತಿಕ್ಕಿ ಹೊಳಪು ಬರಿಸ್ತಾರೆ. ಕನ್ನಡಿ ಇನ್ನೂ ನುಣುಪು, ಅಷ್ಟೇ. ಲಾಕ್ ಆಗಿರೋ ನಿಮ್ಮ ಫೋನ್ ಸ್ಕ್ರೀನೂ ಒಂದು ಕನ್ನಡಿಯೇ.

ಪತನ ಕೋನ, ಪ್ರತಿಫಲನ ಕೋನ ಸಮ ಅಂತ ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡ್ತಾರೆ, ಕಣ್ಣಾರೆ ನೋಡಿರಲ್ಲ. ನನಗೆ ಸಿಟ್ಟು ಬರೋದು ಇಲ್ಲೇ. ಲ್ಯಾಬ್ ಇಲ್ಲ ಅನ್ನೋ ನೆಪವೂ ನಡೆಯಲ್ಲ. ಮಾಗಡಿಯ ಯಾವುದೋ ಹಳ್ಳಿಯ ಮನೇಲೂ ಬಾಚಣಿಗೆ, ಕನ್ನಡಿ ಇರುತ್ತೆ. ರಾತ್ರಿ ಲೈಟ್ ಆಫ್ ಮಾಡಿ, ಬಿಳಿ ಹಾಳೆ ಮೇಲೆ ಕನ್ನಡಿ ನಿಲ್ಲಿಸಿ, ಟಾರ್ಚ್ ಮುಂದೆ ಬಾಚಣಿಗೆ ಹಿಡೀರಿ. ಹಲ್ಲುಗಳ ಸಂದಿಯಿಂದ ಬೆಳಕಿನ ಗೆರೆಗಳು ಬಂದು ಕನ್ನಡಿಗೆ ತಾಗಿ ತಿರುಗುತ್ತವೆ. ಒಂದು ಗೆರೆ ಹೋದ ದಾರಿ, ಬಂದ ದಾರಿ ಎರಡನ್ನೂ ಪೆನ್ಸಿಲ್‌ನಲ್ಲಿ ಎಳೆದು, ಮಗುವಿನ ಕೈಯಲ್ಲೇ ಕೋನಮಾಪಕ ಇಡಿಸಿ.

ಬಿಸಿಲಿನ ಬೆಳಕು ಬೇಡ, ಕನ್ನಡಿಯಿಂದ ನೇರ ಕಣ್ಣಿಗೆ ಬಿದ್ರೆ ಅಪಾಯ. ಹೈವೇ ಪಕ್ಕದ ರಾಮನಗರ, ಚನ್ನಪಟ್ಟಣದಲ್ಲಂತೂ ಬಸ್ ಡ್ರೈವರ್ ಮುಖಕ್ಕೆ ಕನ್ನಡಿ ಬಿಡೋ ಆಟ ಆಡಿಸಲೇಬೇಡಿ. ಕನ್ನಡಿಯ ಅಂಚಿಗೆ ಟೇಪ್ ಸುತ್ತಿ.

ಈಗ ನನ್ನ ಫೇವರಿಟ್. ಹಾಳೆಯಲ್ಲಿ ದೊಡ್ಡದಾಗಿ ‘ರ’ ಬರೆದು ಕನ್ನಡಿಗೆ ತೋರಿಸಿ. ತಲೆಕಟ್ಟು ಎಡಕ್ಕೆ ತಿರುಗಿಬಿಡುತ್ತೆ! ಇಂಗ್ಲಿಷಿನ ಎ, ಎಂ, ಟಿ ದೊಡ್ಡಕ್ಷರಗಳು ಬದಲಾಗಲ್ಲ, ಅವುಗಳ ಎಡ ಬಲ ಒಂದೇ ಥರ. ನಮ್ಮ ಅಕ್ಷರಗಳು ಸುಲಭಕ್ಕೆ ಬಗ್ಗಲ್ಲ. ಸೊನ್ನೆ ಬಿಟ್ರೆ ಇನ್ಯಾವುದು ಹಾಗೇ ಉಳಿಯುತ್ತೆ ಅಂತ ಮಕ್ಕಳೇ ಹುಡುಕಲಿ. ಆಂಬುಲೆನ್ಸ್ ಮುಂದೆ ಅಕ್ಷರ ಉಲ್ಟಾ ಬರೆಯೋದು ಇದಕ್ಕೇ. ಮುಂದಿನ ಗಾಡಿಯವರ ಕನ್ನಡೀಲಿ ಅದು ಸರಿಯಾಗಿ ಕಾಣುತ್ತೆ.

ಆಮೇಲೆ ಎರಡು ಕನ್ನಡಿಗಳನ್ನು ಪುಸ್ತಕದ ಹಾಗೆ ಅಂಟಿಸಿ, 90 ಡಿಗ್ರಿಗೆ ತೆರೆದು ನಿಲ್ಲಿಸಿ. ಅದೇ ‘ರ’ ಮಧ್ಯದ ಬಿಂಬದಲ್ಲಿ ಸರಿಯಾಗಿದೆ. ಬೆಳಕು ಎರಡು ಸಲ ತಿರುಗಿತು, ಉಲ್ಟಾ ಮತ್ತೆ ಉಲ್ಟಾ ಆಯ್ತು. ನಡುವೆ ಗೊಂಬೆ ಇಟ್ರೆ ಮೂರು ಬಿಂಬ. 60 ಡಿಗ್ರಿಗೆ ಮುಚ್ಚಿದ್ರೆ ಐದು. 360 ಅನ್ನು ಕೋನದಿಂದ ಭಾಗಿಸಿ ಒಂದು ಕಳೆದರಾಯ್ತು. ಎದುರು ಬದುರು ಕನ್ನಡಿ ಇರೋ ಕಟಿಂಗ್ ಶಾಪ್‌ನಲ್ಲಿ ನಿಮ್ಮ ತಲೆಗಳ ಸಾಲು ಮುಗಿಯೋದೇ ಇಲ್ಲ, ಆದರೆ ಒಂದೊಂದು ಸಲಕ್ಕೂ ಸ್ವಲ್ಪ ಬೆಳಕು ಕನ್ನಡೀಲೇ ಉಳಿಯೋದ್ರಿಂದ ದೂರದ ತಲೆಗಳು ಮಬ್ಬು.

45 ಡಿಗ್ರಿಗೆ ಎಷ್ಟು ಗೊಂಬೆ? ಲೆಕ್ಕ ಹಾಕಬೇಡಿ, ಮಗು ಎಣಿಸಲಿ. ಆ ವಾಯ್ಸ್ ನೋಟ್ ನಮಗೆ ಕಳಿಸಿ.