ಹಳೆಯ ಅಂಬಾಸಿಡರ್ ಕಾರಿನ ಗೇರ್ ಕೀಲುಗಳ ಶುಚಿ ಮತ್ತು ಗ್ರೀಸ್
(ಘತ್ತರಗಿಯಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನು ಕಾರಿನ ಮಾತು ಏಕೆ ತೆಗೆದನೆಂದು ತಮಗೆ ಅನಿಸಬಹುದು. ನಮ್ಮ ಭಾಗದಲ್ಲಿ ಹಳೆಯ ಕಾರಿನ ಗೇರ್ ಬಿಗಿಯಾಗುವುದಕ್ಕೆ ಅರ್ಧ ಕಾರಣ ಮಣ್ಣೇ. ಮಣ್ಣಿನ ಮಾತು ನನ್ನ ಕಸುಬಿಗೆ ಸೇರಿದ್ದು.

ಅಂಬಾಸಿಡರ್ ಕಾರನ್ನು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಮೇಲೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ ತಯಾರಿಸಿದರು. 2014ರಲ್ಲಿ ತಯಾರಿಕೆ ನಿಂತಿತು. ಈಗ ಒಂದು ಬಿಡಿಭಾಗ ಕೆಟ್ಟರೆ ಹಳೆಯ ಸಾಮಾನಿನ ಅಂಗಡಿಗಳನ್ನು ಸುತ್ತಬೇಕು. ಆದ್ದರಿಂದ ಇದ್ದದ್ದನ್ನು ಕೆಡದಂತೆ ನೋಡಿಕೊಳ್ಳುವುದೇ ಲಾಭ. ತೊಗರಿ ದರ ವಿಚಾರಿಸಲು ಕಲಬುರಗಿಗೆ, ರಾತ್ರಿ ಹೊತ್ತು ಬಾಣಂತಿಯನ್ನು ಅಫಜಲಪುರದ ದವಾಖಾನೆಗೆ ಕರೆದೊಯ್ಯಲು ಇದೇ ಕಾರನ್ನು ನಂಬಿಕೊಂಡ ಮನೆಗಳಲ್ಲಿ, ಗೇರ್ ನಡುದಾರಿಯಲ್ಲಿ ಸಿಕ್ಕಿಕೊಳ್ಳುವುದು ಸಣ್ಣ ಮಾತಲ್ಲ.

ಹಳೆಯ ಅಂಬಾಸಿಡರ್‌ಗಳಲ್ಲಿ ಗೇರ್ ಹಿಡಿ ಸ್ಟೀರಿಂಗ್ ಚಕ್ರದ ಕೆಳಗೆ ಇರುತ್ತದೆ. ಪ್ರೀಮಿಯರ್ ಪದ್ಮಿನಿಯಲ್ಲೂ ಹಾಗೆಯೇ. ಗೇರ್ ಪೆಟ್ಟಿಗೆಯೋ ದೂರ, ಕೆಳಗೆ. ಕೈಯ ಚಲನೆ ಅಲ್ಲಿಗೆ ತಲುಪಬೇಕಾದರೆ ಸ್ಟೀರಿಂಗ್ ಕಂಬದ ಪಕ್ಕದ ದಂಡ, ಅದರ ಬುಡದ ತೋಳುಗಳು, ಮುಂದೆ ಸರಳುಗಳು, ಪಿನ್ನು, ಬುಷ್ ಇವೆಲ್ಲವನ್ನೂ ದಾಟಬೇಕು. ಹಿಡಿಯ ಒಂದು ಚಲನೆ ಯಾವ ಗೇರಿನ ಸಾಲು ಎಂದು ಆರಿಸುತ್ತದೆ. ಇನ್ನೊಂದು ಚಲನೆ ಆ ಗೇರನ್ನು ಕೂಡಿಸುತ್ತದೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸವೆತವಿದ್ದರೂ ಎಲ್ಲ ಸೇರಿ ಹಿಡಿಯಲ್ಲಿ ಎರಡು ಬೆರಳಿನಷ್ಟು ಆಟ ಬರುತ್ತದೆ.

ಇನ್ನು ಮಣ್ಣು. ನಮ್ಮ ಆಳವಾದ ಎರೆ ಭೂಮಿಯಲ್ಲಿ ಅರ್ಧದಷ್ಟು ಜೇಡಿಯೇ ಇರುವುದುಂಟು. ಜೇಡಿಯ ಕಣ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿಗಿಂತಲೂ ಸಣ್ಣದು. ಅದು ಹೋಗದ ಸಂದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದೂ, ಕೀಲು ಬಿಗಿಯಾಗುವುದೂ ಒಂದೇ ಗುಣದಿಂದ. ಭೀಮೆಯ ಮರಳಿನ ಕೇಡು ಬೇರೆ. ಅದರಲ್ಲಿರುವ ಬೆಣಚು ಹರಳು ಸಾಧಾರಣ ಉಕ್ಕಿಗಿಂತ ಗಟ್ಟಿ. ಹಳೆಯ ಗ್ರೀಸಿನಲ್ಲಿ ಅದು ಬೆರೆತರೆ ಗ್ರೀಸ್ ಹೋಗಿ ಸಾಣೆ ಹಿಡಿಯುವ ಲೇಪವಾಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ನೀರಿನಲ್ಲಿ ನಿಂತ ವಾಹನಗಳ ಕೀಲುಗಳಲ್ಲಿ ಈ ಎರಡೂ ಸೇರಿದ್ದವು. ಹಳೆಯದನ್ನು ತೆಗೆಯದೆ ಮೇಲೆ ಹೊಸ ಗ್ರೀಸ್ ಮೆತ್ತುವವರು ಕಳೆ ಕೀಳದೆ ಗೊಬ್ಬರ ಹಾಕಿದಂತೆ.

ಕೆಲಸಕ್ಕೆ ಕೈ ಹಾಕುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯಬೇಕು. ಇದನ್ನು ಬಿಟ್ಟು ನೇರವಾಗಿ ಗೇರ್ ಪೆಟ್ಟಿಗೆ ಬಿಚ್ಚಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವವರಿದ್ದಾರೆ. ಸಮನೆಲದಲ್ಲಿ, ಇಂಜಿನ್ ನಿಲ್ಲಿಸಿ, ಕ್ಲಚ್ ತುಳಿದು ಎಲ್ಲ ಗೇರ್ ಹಾಕಿ ನೋಡಿರಿ. ಆಗ ಸಲೀಸಾಗಿ ಬಿದ್ದು, ಇಂಜಿನ್ ನಡೆಯುವಾಗ ಮಾತ್ರ ಕರಕರ ಎಂದರೆ ಮೊದಲು ಕ್ಲಚ್ ಕಡೆ ಗಮನ ಕೊಡಬೇಕು. ಇಂಜಿನ್ ನಿಂತಾಗಲೂ ಬಿಗಿಯಾಗಿದ್ದರೆ ಒಬ್ಬರು ಹಿಡಿಯನ್ನು ಆಡಿಸಲಿ, ಇನ್ನೊಬ್ಬರು ಬಾನೆಟ್ ಎತ್ತಿ ಸರಳುಗಳನ್ನು ನೋಡಲಿ. ಹಿಡಿ ಚಲಿಸಿದರೂ ಸರಳು ಸುಮ್ಮನಿದ್ದರೆ ಆ ಎರಡರ ನಡುವೆ ಸವೆತವಿದೆ. ಕೊನೆಗೆ ಸರಳನ್ನು ಕಳಚಿ ಪೆಟ್ಟಿಗೆಯ ಪಕ್ಕದ ತೋಳನ್ನು ಕೈಯಿಂದಲೇ ಆಡಿಸಿರಿ. ಅದು ಹಗುರಾಗಿ ಆಡಿದರೆ ಪೆಟ್ಟಿಗೆಯ ತಪ್ಪಲ್ಲ, ಕೀಲುಗಳದ್ದು.

ಕಾರಿನ ಕೆಳಗೆ ಹೋಗುವುದಾದರೆ ಬರಿಯ ಜಾಕನ್ನು ನಂಬಲೇಬಾರದು. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಡಿರಿ; ಅದಿಲ್ಲದಿದ್ದರೆ ಅಗಲವಾದ ಮರದ ದಿಮ್ಮಿ. ಇಟ್ಟಿಗೆ ಒಡೆಯುತ್ತದೆ. ಎರೆ ನೆಲದಲ್ಲಿ, ಅದರಲ್ಲೂ ಹಸಿ ಇದ್ದಾಗ, ಜಾಕ್ ಕುಸಿಯುತ್ತದೆ. ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ತಂತಿ ಬಿಚ್ಚಿ, ಹೊಗೆ ಕೊಳವೆ ಆರಿದ ಮೇಲೆಯೇ ಕೈ ಹಾಕಬೇಕು.

ಮೊದಲು ಒಣ ಮಣ್ಣನ್ನು ಕಟ್ಟಿಗೆಯ ಚೂರಿನಿಂದ ಕೆರೆದು ಬ್ರಷ್‌ನಿಂದ ಉದುರಿಸಿರಿ. ಜೋರಾದ ನೀರು ಹೊಡೆಯಬಾರದು. ಅದು ಮರಳನ್ನು ಒಳಕ್ಕೆ ತಳ್ಳುತ್ತದೆ. ನಂತರ ಸೀಮೆಎಣ್ಣೆ, ಅದು ಸಿಗದಿದ್ದರೆ ಡೀಸೆಲ್, ಹಚ್ಚಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ತಿಕ್ಕಬೇಕು. ಪೆಟ್ರೋಲ್ ಬೇಡ, ಬೀಡಿಯೂ ಬೇಡ. ಪಿನ್ ಕಳಚುವ ಮುಂಚೆ ಸರಳಿನ ತಿರುಪು ಎಷ್ಟರಲ್ಲಿ ನಿಂತಿದೆ ಎಂದು ಬಣ್ಣದ ಗುರುತು ಹಾಕಿಕೊಳ್ಳಿರಿ. ಈ ಗುರುತು ತಪ್ಪಿದರೆ ಶುಚಿ ಮಾಡಿದ ಮೇಲೆ ಒಂದು ಗೇರ್ ಪೂರ್ತಿ ಕೂಡದೆ ಓಡುವಾಗ ಕಳಚಿಕೊಳ್ಳುತ್ತದೆ. ಬಿಚ್ಚಿದ ಭಾಗಗಳನ್ನು ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿರಿ. ಪಿನ್ನಿನ ಮೇಲೆ ಬೆರಳಾಡಿಸಿದರೆ ಸವೆತದ ಗುಣಿ ತಿಳಿಯುತ್ತದೆ. ಅಂಥ ಪಿನ್ನಿಗೆ ಎಷ್ಟು ಗ್ರೀಸ್ ಹಚ್ಚಿದರೂ ಆಟ ಹೋಗದು; ಬದಲಿಸಬೇಕು. ಪಿನ್ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು.

ಒರೆಸಿ ಒಣಗಿಸಿದ ಮೇಲೆ ಲಿಥಿಯಂ ಗ್ರೀಸ್, 2ನೇ ನಂಬರಿನದು, ತೆಳ್ಳಗೆ ಹಚ್ಚಿರಿ. ಹಿಂದೆ ಬಂಡಿಯ ಅಚ್ಚಿಗೆ ಕೀಲೆಣ್ಣೆ ಬಳಿದಂತೆ ಸುರಿಯಬೇಡಿರಿ. ಹೊರಗೆ ಉಳಿದ ಗ್ರೀಸ್ ಧೂಳನ್ನು ಕರೆಯುತ್ತದೆ. ಗ್ರೀಸ್ ನಿಪ್ಪಲ್ ಇರುವ ಕಡೆ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಪಂಪು ಮಾಡಿ ಹೊರಗಿನದನ್ನು ಒರೆಸಿಬಿಡಬೇಕು. ರಬ್ಬರ್ ಬುಷ್‌ಗೆ ಮಾತ್ರ ಈ ಗ್ರೀಸಾಗಲಿ ಡೀಸೆಲ್ ಆಗಲಿ ತಾಗಬಾರದು. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಅದನ್ನು ಸಾಬೂನು ನೀರಿನಿಂದ ತೊಳೆದು, ಬೇಕಾದರೆ ಸಿಲಿಕೋನ್ ಗ್ರೀಸ್ ಹಚ್ಚಿರಿ. ಸ್ಟೀರಿಂಗ್ ಕಂಬದ ಬುಡದ ಬುಷ್ಷನ್ನು ಬಹಳ ಜನ ಮರೆಯುತ್ತಾರೆ. ಹಿಡಿ ಮೇಲಕ್ಕೆ ಸಲೀಸು, ಕೆಳಕ್ಕೆ ಬಿಗಿ ಎನ್ನುವ ದೂರು ಅನೇಕ ಸಲ ಅಲ್ಲಿಯದೇ.

ಜೋಡಿಸುವಾಗ ಹಳೆಯ ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಮತ್ತೆ ಹಾಕಬಾರದು. ಹತ್ತಿಪ್ಪತ್ತು ರೂಪಾಯಿಯ ಆಸೆಗೆ ಸರಳು ದಾರಿಯಲ್ಲಿ ಕಳಚಿ ಬೀಳುತ್ತದೆ. ಎಲ್ಲ ಆದ ಮೇಲೆ ಇಂಜಿನ್ ನಿಲ್ಲಿಸಿಯೇ ಪ್ರತಿ ಗೇರನ್ನೂ ಹಾಕಿ ತೆಗೆದು, ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿರಿ.

ಮಳೆಗಾಲ ಮುಗಿದ ಮೇಲೆ ಒಮ್ಮೆ, ಕಬ್ಬಿನ ಗಾಡಿಗಳ ಧೂಳು ಅಡಗಿದ ಮೇಲೆ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಸಾಕು. ಕಾರು ನೀರಿನಲ್ಲಿ ನಿಂತಿದ್ದರೆ ಕಾಯಬೇಡಿರಿ, ಅದೇ ವಾರ ಮಾಡಿರಿ. ಜೊತೆಗೆ ಗೇರ್ ಪೆಟ್ಟಿಗೆಯ ಎಣ್ಣೆಯನ್ನೂ ಸ್ವಲ್ಪ ಇಳಿಸಿ ನೋಡಿರಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಎಣ್ಣೆ ಪೂರ್ತಿ ಬದಲಿಸುವ ತನಕ ಗಾಡಿ ಓಡಿಸಬೇಡಿರಿ.