ಕುತ್ತಿಗೆ, ಬೆನ್ನು, ರಟ್ಟೆಗಳ ವ್ಯಾಧಿಯೂ ಚಿಕಿತ್ಸಕನ ಶಿಕ್ಷಣವೂ



ಈ ಮಹೋತ್ಸವದಲ್ಲಿ ಧರ್ಮವಿಚಾರವನ್ನು ಹೇಳಬಲ್ಲ ಪಂಡಿತರು ಅನೇಕರಿರುವರು. ನಾನಾದರೋ ಫಿಜಿಯೋಥೆರಪಿಯೆಂಬ ಅಂಗಚಿಕಿತ್ಸೆಯಿಂದ ಹೊಟ್ಟೆ ಹೊರೆಯುವವನು. ಆದರೂ ಕಾಯಕವು ಕಾಯದಿಂದಲೇ ನಡೆಯತಕ್ಕದ್ದು. ಕಾಯವು ಕುಂದಿದರೆ ಕಾಯಕವೆಲ್ಲಿಯದು, ದಾಸೋಹವೆಲ್ಲಿಯದು? ಅರಳಗುಂಡಗಿಯಲ್ಲಿ ಜನಿಸಿ, ಒಕ್ಕಲುತನ ಮಾಡುತ್ತಲೇ ದಾಸೋಹವನ್ನು ನಡೆಯಿಸಿದ ಶ್ರೀ ಶರಣಬಸವೇಶ್ವರರ ಸೀಮೆಯಲ್ಲಿ ಈ ಮಾತು ಹೊಸದಲ್ಲ.

ಆಳಂದ, ಅಫಜಲಪುರ, ಜೇವರ್ಗಿಗಳ ಎರೆಭೂಮಿಯಲ್ಲಿ ದುಡಿಯುವವರನ್ನು ನೋಡಿರಿ. ತೊಗರಿಯ ರಾಶಿ, ಹತ್ತಿ ಬಿಡಿಸುವದು, ಕಬ್ಬಿನ ಹೊರೆ, ತಲೆಯ ಮೇಲೆ ನೀರಿನ ಕೊಡ. ಮನೆಗೆ ಬಂದರೆ ಬಗ್ಗಿ ಕುಳಿತು ಜೋಳದ ರೊಟ್ಟಿ ಬಡಿಯುವದು. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಗೌರವ ದೊರೆಯಿತು. ಆ ಬೇಳೆಯ ಹಿಂದೆ ಎಷ್ಟು ಕುತ್ತಿಗೆಗಳು ಸವೆದಿರುವವೆಂಬುದನ್ನು ಯಾವ ಗುರುತೂ ಹೇಳಲಾರದು. ಓದಿದ ಮಕ್ಕಳೂ ಈ ಬೇನೆಗೆ ಹೊರತಾಗಿಲ್ಲ. ಮೊಬೈಲು ನೋಡುತ್ತ ತಾಸುಗಟ್ಟಲೆ ತಲೆ ಬಗ್ಗಿಸಿದರೆ ಅವರ ಕುತ್ತಿಗೆಗೂ ಆಯಾಸವೇ.

ಇನ್ನು ದೇಹದ ರಚನೆಯನ್ನು ವಿಚಾರಿಸೋಣ. ಕುತ್ತಿಗೆಯಲ್ಲಿ ೭ ಎಲುಬಿನ ಮಣಿಗಳೂ, ಅದರ ಕೆಳಗೆ ಪಕ್ಕೆಲುಬುಗಳು ಕೂಡುವ ೧೨ ಮಣಿಗಳೂ ಇರುವವು. ಮಣಿಗಳ ನಡುವೆ ಮೆತ್ತೆಗಳುಂಟು, ಒಳಗೆ ಬೆನ್ನುಹುರಿಯುಂಟು. ಕುತ್ತಿಗೆಯಿಂದ ೮ ಜೊತೆ ನರಗಳು ಹೊರಡುವವು. ಅವುಗಳಲ್ಲಿ ಕೆಳಗಿನ ನಾಲ್ಕೂ, ಎದೆಯ ಮೊದಲನೆಯ ನರವೂ ಹೆಣೆದುಕೊಂಡು ತೋಳಿಗೆ ಇಳಿಯುವವು. ಆದಕಾರಣ ನೋವು ತೋರುವ ಸ್ಥಳ ಬೇರೆ, ಹುಟ್ಟುವ ಸ್ಥಳ ಬೇರೆಯಾಗುವದುಂಟು. ಆರನೆಯ ನರವು ಒತ್ತಲ್ಪಟ್ಟರೆ ಹೆಬ್ಬೆರಳು ಜೋಮು ಹಿಡಿಯುವದು, ಏಳನೆಯದಾದರೆ ನಡುಬೆರಳು, ಎಂಟನೆಯದಾದರೆ ಕಿರಿಬೆರಳು. ಬೆರಳಿಗೆ ಎಣ್ಣೆ ತಿಕ್ಕಿದರೆ ಕುತ್ತಿಗೆಯ ರೋಗವು ಹೋದೀತೇ?

ಈಗ ನನ್ನದೇ ಒಂದು ತಪ್ಪನ್ನು ಸಭೆಯ ಮುಂದಿಡುವೆನು. ಪದವಿ ಪಡೆದ ಹೊಸತರಲ್ಲಿ ಒಬ್ಬ ಕೂಲಿಕಾರನು ನನ್ನ ಬಳಿಗೆ ಬಂದನು. ಕುತ್ತಿಗೆ ನೋವು, ಅಂಗಿಯ ಗುಂಡಿ ಹಾಕಲು ಬೆರಳು ಬಾರದು, ನಡೆಯುವಾಗ ಕಾಲು ತೊಡರುವದು. ನಾನು ನೋವನ್ನಷ್ಟೇ ಕೇಳಿಸಿಕೊಂಡೆನು. ಗುಂಡಿಯನ್ನೂ ಕಾಲನ್ನೂ ಕೇಳಿಸಿಕೊಳ್ಳಲಿಲ್ಲ. ಮೂರು ವಾರ ಅವನ ಕುತ್ತಿಗೆಯನ್ನು ಯಂತ್ರದಿಂದ ಎಳೆಯಿಸಿದೆನು. ಅವನ ಬೆನ್ನುಹುರಿಯೇ ಒತ್ತಲ್ಪಟ್ಟಿದ್ದಿತು. ಶಸ್ತ್ರಕ್ರಿಯೆಯು ತಡವಾಗಿ ನಡೆಯಿತು. ಅವನು ಬದುಕಿರುವನು, ಆದರೆ ಕುಡುಗೋಲು ಹಿಡಿಯುವ ಬಲವು ಆ ಬಲಗೈಗೆ ಮರಳಲಿಲ್ಲ. ಅವನು ನನ್ನನ್ನು ಎಂದೂ ನಿಂದಿಸಲಿಲ್ಲ; ಅದೇ ನನಗೆ ಹೆಚ್ಚಿನ ಶಿಕ್ಷೆಯಾಯಿತು.

ಆ ಬಳಿಕವೇ ನಾನು ಈ ಅಂಗಗಳ ವಿಶೇಷ ಶಿಕ್ಷಣಕ್ಕೆ ಹೋದೆನು. ಕೈಚಳಕವನ್ನು ಕಲಿಸುವರೆಂದು ಹೋದವನಿಗೆ, ಕೈ ಇಡಬಾರದ ಸಮಯವನ್ನು ಗುರುತಿಸುವದೇ ಮೊದಲ ಪಾಠವಾಯಿತು. ನಡುಬೆರಳಿನ ತುದಿಯನ್ನು ಚಿಮ್ಮಿಸಿದಾಗ ಹೆಬ್ಬೆರಳು ತಾನಾಗಿ ಮಡಿಚಿದರೆ ಅದು ಬೆನ್ನುಹುರಿಯ ಬಾಧೆಯ ಸೂಚನೆಗಳಲ್ಲೊಂದು. ನಿಮಿಷವೂ ಬೇಡದ ಈ ಪರೀಕ್ಷೆಯನ್ನು ಅಂದು ನಾನು ಮಾಡಿರಲಿಲ್ಲ. ೧೯೪೪ರಲ್ಲಿ ಅಮೇರಿಕೆಯ ಸ್ಪರ್ಲಿಂಗ್, ಸ್ಕೋವಿಲ್ ಎಂಬ ವೈದ್ಯರು, ತಲೆಯನ್ನು ಓರೆಮಾಡಿ ಒತ್ತಿದಾಗ ನೋವು ತೋಳಿಗಿಳಿಯುವದನ್ನು ನರದ ಒತ್ತಡದ ಲಕ್ಷಣವೆಂದು ವರ್ಣಿಸಿದರು. ನ್ಯೂಜಿಲೆಂಡಿನ ಮೆಕೆಂಜಿ ಎಂಬವರು, ರೋಗಿಯು ತಾನೇ ಮಾಡತಕ್ಕ ಚಲನೆಗಳಿಂದ ನೋವನ್ನು ಹಿಂಜರಿಸುವ ಮಾರ್ಗವನ್ನು ಬೆಳೆಸಿದರು. ನಮ್ಮ ಬಡವರಿಗೆ ಇದು ಅತ್ಯಂತ ಉಪಯುಕ್ತವು. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿಯು ಸುಮಾರು ೪೦ ಕಿಲೋಮೀಟರು. ಅಫಜಲಪುರವು ಇನ್ನೂ ದೂರ. ಹತ್ತು ದಿನ ಬಂದು ಹೋದರೆ ಹತ್ತು ದಿನದ ಕೂಲಿ ಹೋಗುವದು. ಚಿಕಿತ್ಸೆಯನ್ನು ರೋಗಿಯ ಕೈಗೇ ಒಪ್ಪಿಸುವ ವಿದ್ಯೆಯು ಇಂಥಲ್ಲಿಯೇ ಬೇಕಾದದ್ದು.

ತಾಯಂದಿರೇ, ಮಹನೀಯರೇ, ಕೆಲವು ಮಾತುಗಳನ್ನು ನೆನಪಿನಲ್ಲಿಡಿರಿ. ಕ್ಷೌರದಂಗಡಿಯಲ್ಲಾಗಲಿ ಬೇರೆಲ್ಲಿಯಾಗಲಿ ಕುತ್ತಿಗೆಯನ್ನು ತಿರುವಿ ಲಟಕ್ಕೆನಿಸಿಕೊಳ್ಳಬೇಡಿರಿ. ಮೆದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾದೀತು. ಸಾಮಾನ್ಯ ನೋವಿಗೆ ಹಾಸಿಗೆ ಹಿಡಿಯುವದು ಔಷಧವಲ್ಲ. ಮಿತವಾದ ಚಲನೆಯೇ ಔಷಧವು. ಹೊರೆಯನ್ನು ಎರಡು ಪಾಲು ಮಾಡಿರಿ. ರೊಟ್ಟಿ ಬಡಿಯುವಾಗ ನಡುವೆ ಎದ್ದು ಬೆನ್ನನ್ನು ನೆಟ್ಟಗೆ ಮಾಡಿ ಭುಜಗಳನ್ನು ಹಿಂದಕ್ಕೆ ಎಳೆಯಿರಿ. ಸಕ್ಕರೆರೋಗವುಳ್ಳವರಲ್ಲಿ ಭುಜವು ಬಿಗಿಯುವದು ಹೆಚ್ಚು. ಕೈ ಮೇಲೇಳದಾಗುವವರೆಗೆ ಕಾಯಬೇಡಿರಿ. ಕೈಕಾಲುಗಳ ಬಲ ಕುಂದಿದರೆ, ನಡಿಗೆ ತಪ್ಪಿದರೆ, ಮಲಮೂತ್ರದ ಹತೋಟಿ ಹೋದರೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿರಿ. ಎದೆ ಹಿಂಡಿ ಎಡಗೈ ಸೆಳೆದರೆ ಅದು ಹೃದಯದ ಬೇನೆಯಾಗಿರಬಹುದು, ಕ್ಷಣವನ್ನೂ ಕಳೆಯಬೇಡಿರಿ.

ಕೊನೆಗೊಂದು ಬಿನ್ನಹ. ೩೭೧-ಜೆ ವಿಧಿಯ ಪ್ರಕಾರ ೨೦೧೩ರಿಂದ ನಮ್ಮ ಭಾಗದ ಮಕ್ಕಳಿಗೆ ವಿದ್ಯಾಲಯಗಳಲ್ಲಿ ಸ್ಥಾನಗಳು ಮೀಸಲಾಗಿರುವವು. ಈ ಮೂರು ತಾಲೂಕುಗಳ ಕೆಲವು ಮಕ್ಕಳಾದರೂ ಈ ವಿದ್ಯೆಯನ್ನು ಕಲಿತು, ಪದವಿಗೇ ನಿಲ್ಲದೆ ವಿಶೇಷ ಶಿಕ್ಷಣವನ್ನೂ ಪಡೆದು, ಊರಿಗೆ ಮರಳಿ ಬರಲಿ. ಶ್ರೀಮಠವು ಅಂಥವರ ಓದಿಗೆ ಆಸರೆಯಾಗಿ, ವಾರಕ್ಕೊಂದು ದಿನ ಒಂದು ಕೋಣೆಯನ್ನು ಚಿಕಿತ್ಸೆಗೆ ಬಿಟ್ಟುಕೊಟ್ಟರೆ, ಅದೂ ಒಂದು ದಾಸೋಹವೇ. ನನ್ನ ಅಜ್ಞಾನದಿಂದ ಒಂದು ಬಲಗೈ ಕೆಟ್ಟಿತು. ಇನ್ನೊಬ್ಬರ ಕೈ ಹಾಗೆ ಕೆಡದಿರಲೆಂಬುದೇ ನನ್ನ ಪ್ರಾರ್ಥನೆಯು.