ಅಜ್ಜಿಯ ಮೂಗಿನ ಚುಕ್ಕೆಗೆ ಎಷ್ಟು ಜನ ಡಾಕ್ಟರು?

ಇವತ್ತು ಒಂದು ಚುಕ್ಕೆಯ ಬೆನ್ನು ಹತ್ತೋಣ. ಹೊಸದುರ್ಗದ ತೆಂಗಿನ ತೋಟದಲ್ಲಿ ಒಬ್ಬರು ಅಜ್ಜಿ ಇದ್ದಾರೆ ಅಂದುಕೊಳ್ಳಿ. ಅವರ ಮೂಗಿನ ಪಕ್ಕ ಒಂದು ಪುಟ್ಟ ಕಪ್ಪು ಗಂಟು. ಒಣಗುತ್ತದೆ, ಹಕ್ಕಳೆ ಉದುರುತ್ತದೆ, ಮತ್ತೆ ರಕ್ತ ಒಸರುತ್ತದೆ. ತಿಂಗಳುಗಳಾದರೂ ಮಾಯುತ್ತಿಲ್ಲ.

ನಮ್ಮ ಚರ್ಮ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಮೇಲಿನವು ಸತ್ತು ಉದುರುತ್ತಿರುತ್ತವೆ. ಅಡಿಯ ಸಾಲು ಹೊಸವನ್ನು ಹುಟ್ಟಿಸಿ ಮೇಲಕ್ಕೆ ಕಳಿಸುತ್ತಿರುತ್ತದೆ. ಯಾವಾಗ ನಿಲ್ಲಬೇಕು ಅನ್ನುವ ಲೆಕ್ಕ ಒಂದೊಂದು ಕೋಶದೊಳಗೂ ಇದೆ. ವರ್ಷಗಟ್ಟಲೆ ಬಿದ್ದ ಬಿಸಿಲಿನ ನೇರಳಾತೀತ ಕಿರಣ ಈ ಲೆಕ್ಕ ಕೆಡಿಸಬಹುದು. ಆಗ ಕೋಶ ಎಗ್ಗಿಲ್ಲದೆ ಹೆಚ್ಚುತ್ತಾ ಹೋಗುತ್ತದೆ. ಅದೇ ಚರ್ಮದ ಕ್ಯಾನ್ಸರ್.

ಹೆದರಬೇಡಿ, ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹಿರಿಯೂರಿನ ಬಿಸಿಲಲ್ಲಿ ಆಡಿ ಕಪ್ಪಾಗುತ್ತೀರಲ್ಲ, ಆ ಬಣ್ಣದ ಹೆಸರು ಮೆಲನಿನ್. ಕೋಶಕ್ಕೆ ಅದೇ ಕಾವಲು. ಅದು ನಮ್ಮವರ ಚರ್ಮದಲ್ಲಿ ಹೆಚ್ಚಿರುವುದರಿಂದ ಆಸ್ಟ್ರೇಲಿಯಾದಂಥ ದೇಶಗಳಿಗಿಂತ ನಮ್ಮಲ್ಲಿ ಈ ಕಾಯಿಲೆ ಬಹಳ ಕಡಿಮೆ.

ಅಜ್ಜಿ ಬಸ್ಸು ಹತ್ತಿ ಚಿತ್ರದುರ್ಗದ ಚರ್ಮದ ಡಾಕ್ಟರ ಹತ್ತಿರ ಬಂದರು. ಅವರು ದೀಪವಿರುವ ಭೂತಗನ್ನಡಿಯಲ್ಲಿ ಗಂಟನ್ನು ನೋಡಿದರು. ಅನುಮಾನ ಬಂತು. ಜಾಗ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟು ಚೂರೇ ಚೂರು ಚರ್ಮ ತೆಗೆದರು. ಇದಕ್ಕೆ ಬಯಾಪ್ಸಿ ಅನ್ನುತ್ತಾರೆ.

ಆ ಚೂರು ಹೋಗುವುದು ಪೆಥಾಲಜಿಸ್ಟ್ ಹತ್ತಿರ. ನನಗೆ ಬಲು ಇಷ್ಟವಾದವರು ಇವರೇ. ಅಜ್ಜಿ ಇವರ ಮುಖ ಕೂಡ ನೋಡುವುದಿಲ್ಲ, ಆದರೆ ಉಳಿದ ಡಾಕ್ಟರೆಲ್ಲ ಇವರ ಮಾತಿಗೆ ಕಾಯುತ್ತಾರೆ. ಚರ್ಮದ ಚೂರನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ, ಇನ್ನೂ ತೆಳ್ಳಗೆ ಸೀಳುತ್ತಾರೆ. ಎಷ್ಟು ತೆಳ್ಳಗೆ ಗೊತ್ತೇ? ಸುಮಾರು 20 ಸೀಳು ಒಂದರ ಮೇಲೊಂದು ಇಟ್ಟರೆ ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪವಾಗುತ್ತದೆ! ಅದಕ್ಕೆ ನೇರಳೆ, ಗುಲಾಬಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಇಣುಕಿ, ಲೆಕ್ಕ ತಪ್ಪಿದ ಕೋಶ ಯಾವ ಸಾಲಿನದು ಎಂದು ಹೇಳುತ್ತಾರೆ. ಅಜ್ಜಿಯದು ತಳದ ಸಾಲಿನದು. ಇದು ನಿಧಾನಕ್ಕೆ ಬೆಳೆಯುತ್ತದೆ, ದೂರ ಹರಡುವುದು ತೀರಾ ಅಪರೂಪ.

ಇನ್ನು ಆ ಗಂಟನ್ನು ತೆಗೆಯಬೇಕು. ಎಷ್ಟು? ನಮ್ಮ ಚಿತ್ರದುರ್ಗ ಜಿಲ್ಲೆಯ ಈರುಳ್ಳಿಯನ್ನೇ ನೆನೆಯಿರಿ. ಒಳಗೆ ಕೊಳೆ ಕಂಡರೆ ಅಮ್ಮ ಒಂದು ಪದರ ಸುಲಿಯುತ್ತಾರೆ, ನೋಡುತ್ತಾರೆ. ಇನ್ನೂ ಕಪ್ಪಿದ್ದರೆ ಮತ್ತೊಂದು. ಬಿಳಿ ಕಂಡ ಕೂಡಲೇ ನಿಲ್ಲಿಸುತ್ತಾರೆ. 1930ರ ದಶಕದಲ್ಲಿ ಅಮೆರಿಕದ ಫ್ರೆಡ್ರಿಕ್ ಮೋಸ್ ಚರ್ಮಕ್ಕೂ ಇಂಥದೇ ದಾರಿ ಹುಡುಕಿದರು: ಒಂದು ಪದರ ತೆಗೆ, ಸೂಕ್ಷ್ಮದರ್ಶಕದಲ್ಲಿ ನೋಡು, ಉಳಿದಿದ್ದ ಕಡೆ ಮಾತ್ರ ಮತ್ತೆ ತೆಗೆ. ಈ ಸೌಲಭ್ಯ ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಲ್ಲಿದೆ. ಉಳಿದೆಡೆ ಸರ್ಜನ್ ಸುತ್ತಲ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ಕತ್ತರಿಸುತ್ತಾರೆ.

ಮೂಗಿನಲ್ಲಿ ಗುಳಿ ಬಿದ್ದರೆ ಪ್ಲಾಸ್ಟಿಕ್ ಸರ್ಜನ್ ಬರುತ್ತಾರೆ. ಪ್ಲಾಸ್ಟಿಕ್ ಹಚ್ಚುವುದಿಲ್ಲ, ಬಿಡಿ! ಹಣೆಯ ಚರ್ಮವನ್ನು ಒಂದು ಕಡೆ ಅಂಟಿಕೊಂಡಿರುವಂತೆಯೇ ಬಿಡಿಸಿ, ತಿರುಗಿಸಿ, ಮೂಗಿಗೆ ಹೊಲಿಯುತ್ತಾರೆ. ಟಿಪ್ಪು ಸುಲ್ತಾನನ ಕಾಲದ ಯುದ್ಧದಲ್ಲಿ ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನಿಗೆ ನಮ್ಮ ದೇಶದ ವೈದ್ಯರೊಬ್ಬರು ಹೀಗೆಯೇ ಮೂಗು ಮಾಡಿಕೊಟ್ಟಿದ್ದರು. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ, ಅಲ್ಲಿನ ವೈದ್ಯರು ಕಲಿಯಲು ಮುಂದಾದರು.

ಶಸ್ತ್ರಚಿಕಿತ್ಸೆ ತಡೆಯದಷ್ಟು ನಿತ್ರಾಣವಾದವರಿಗೆ ವಿಕಿರಣ ತಜ್ಞರಿದ್ದಾರೆ. ಊರಲ್ಲಿ ಇದನ್ನು ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಅದು ಮನೆಯ ವಿದ್ಯುತ್ ಅಲ್ಲ, ಕಣ್ಣಿಗೆ ಕಾಣದ ಕಿರಣ. ಕೊಡುವಾಗ ಶಾಕ್ ಹೊಡೆಯುವುದಿಲ್ಲ, ನೋವೂ ಆಗುವುದಿಲ್ಲ.

ಹೊಳಲ್ಕೆರೆಯ ಅಡಿಕೆ ತೋಟದ ಅಜ್ಜನೊಬ್ಬರ ಅಂಗಾಲಿನಲ್ಲಿ ಕಪ್ಪು ಮಚ್ಚೆ ಹಬ್ಬುತ್ತಿದೆ ಅಂದುಕೊಳ್ಳಿ. ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಆಗಿದ್ದರೆ ಕಥೆ ಬೇರೆ. ಅದು ಬೇಗ ಹರಡಬಲ್ಲದು. ಹರಡಿದೆಯೇ ಎಂದು ತಿಳಿಯಲು ಸರ್ಜನ್ ತೊಡೆಸಂದಿನ ಗ್ರಂಥಿಯನ್ನೂ ಪರೀಕ್ಷಿಸುತ್ತಾರೆ. ಹರಡಿದ್ದರೆ, ಔಷಧಿಯಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಮಾಡುವ ತಜ್ಞರು ಮೈಯ ರೋಗನಿರೋಧಕ ಪಡೆಯನ್ನೇ ಹುರಿದುಂಬಿಸುವ ಮದ್ದು ಕೊಡುತ್ತಾರೆ. ಇಂಥವರೆಲ್ಲ ಒಂದೇ ಆವರಣದಲ್ಲಿ ಸಿಗುವ ಜಾಗ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಅದು ಶುರುವಾದದ್ದು 1973ರಲ್ಲಿ.

ಗುಣವಾದ ಮೇಲೂ ಅಜ್ಜಿ ಕೆಲವು ತಿಂಗಳಿಗೊಮ್ಮೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ನಡುವೆ ನಿಮಗೂ ಒಂದು ಕೆಲಸವಿದೆ. ಬೆನ್ನು, ಅಂಗಾಲು, ಕಾಲ್ಬೆರಳ ಸಂದುಗಳನ್ನು ವಯಸ್ಸಾದವರು ತಾವೇ ನೋಡಿಕೊಳ್ಳಲಾರರು. ಬೆಳೆಯುತ್ತಿರುವ ಮಚ್ಚೆ, ಮಾಯದ ಹುಣ್ಣು, ಹಳೆಯ ಸುಟ್ಟ ಕಲೆಯ ಮೇಲೆ ಹೊಸ ಗಾಯ ಕಂಡರೆ ಮನೆಯವರಿಗೆ ಹೇಳಿ.